ವಾಟ್ಸಾಪ್ ಗ್ರೂಪ್ ಒಡೆಯುವ ಮುಂಚೆ ಒಂದು ಭಾನುವಾರ ಕೂತು ಎಣಿಸಿ

ನಮ್ಮದು ತಾರಸಿ ತೋಟದವರ ವಾಟ್ಸಾಪ್ ಗ್ರೂಪು. ಜಯನಗರ, ಬನಶಂಕರಿ, ಗಿರಿನಗರ ಕಡೆಯ ಹದಿನೈದಿಪ್ಪತ್ತು ಜನ ಸೇರಿ ಶುರು ಮಾಡಿದ್ದು. ಆಮೇಲೆ ಕೆಂಗೇರಿಯವರು ಬಂದರು, ಯಲಹಂಕದವರು ಬಂದರು, ಅವರ ನಾದಿನಿ, ನಾದಿನಿಯ ಆಫೀಸಿನವರು ಅಂತ ಬೆಳೆದು ಬೆಳೆದು ಐನೂರರ ಹತ್ತಿರ ಹೋಯಿತು. ನಾನು ಮೂವರು ಅಡ್ಮಿನ್‌ಗಳಲ್ಲಿ ಒಬ್ಬ.

ಒಂದು ಜನವರಿ 26ರ ಬೆಳಗ್ಗೆ ಗಿರಿನಗರದ ಒಬ್ಬ ಅಜ್ಜಿ ದಾಸವಾಳದ ಫೋಟೋ ಹಾಕಿ, "ಕುಡಿಯಲ್ಲೆಲ್ಲ ಬಿಳಿ ಹತ್ತಿ ಥರ ಏನೋ ಮೆತ್ತಿಕೊಂಡಿದೆ, ಏನು ಮಾಡ್ಲಿ?" ಎಂದು ಕೇಳಿದರು. ಅವತ್ತು ಅರ್ಧ ಗ್ರೂಪು ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನದಲ್ಲಿತ್ತು. ಗಾಜಿನ ಮನೆಯ ಫೋಟೋ ಮೇಲೆ ಫೋಟೋ, ನಡುನಡುವೆ ತ್ರಿವರ್ಣದ ಶುಭಾಶಯ, ಪಾರ್ಕಿಂಗ್ ಎಲ್ಲಿ ಸಿಗುತ್ತೆ ಅನ್ನುವ ಚರ್ಚೆ. ಅಜ್ಜಿಯ ಪ್ರಶ್ನೆ ಮೇಲೆ ಎಲ್ಲೋ ಹೋಗಿ ಮುಳುಗಿತು. ಐದು ದಿನ ಬಿಟ್ಟು ಯಾರೋ ನೆನಪಿಸಿಕೊಂಡು ಕೇಳಿದರೆ, ಅವರು ಗಿಡವನ್ನು ಬುಡಕ್ಕೇ ಕತ್ತರಿಸಿ ಎಸೆದಾಗಿತ್ತು. ಅದು ಬರೀ ಹಿಟ್ಟು ತಿಗಣೆ ಕಣ್ರೀ. ಪೈಪಿನಲ್ಲಿ ಜೋರಾಗಿ ನೀರು ಹೊಡೆದು, ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಒಂದೆರಡು ಹನಿ ಸೋಪಿನ ದ್ರಾವಣ ಕಲಸಿ ವಾರಕ್ಕೊಮ್ಮೆ ಸಿಂಪಡಿಸಿದ್ದರೆ ಗಿಡ ಉಳಿಯುತ್ತಿತ್ತು.

ಸಂಜೆಗೆ ಗ್ರೂಪಿನಲ್ಲಿ ಗಲಾಟೆ. "ಅದಕ್ಕೇ ಹೇಳಿದ್ದು, ಬೇರೆ ಬೇರೆ ಗ್ರೂಪ್ ಮಾಡಿ ಅಂತ." ನಾವೂ ಅದೇ ಬಿಸಿಯಲ್ಲಿ ಮಾಡಿಬಿಟ್ಟೆವು. ತರಕಾರಿ, ಹೂವು, ಹಣ್ಣು, ಗೊಬ್ಬರ, ರೋಗ ಮತ್ತು ಕೀಟ, ಬೀಜ ಮತ್ತು ಸಸಿ ವಿನಿಮಯ, ಹೊಸಬರು. ಒಟ್ಟು ಏಳು. ಪಟ್ಟಿ ನೋಡಿದರೆ ಪಠ್ಯಪುಸ್ತಕದ ಪರಿವಿಡಿ ಥರ ಅಚ್ಚುಕಟ್ಟಾಗಿತ್ತು. ನಾಲ್ಕು ತಿಂಗಳಲ್ಲಿ ಐದು ತಣ್ಣಗಾದವು. ಹಣ್ಣಿನ ಗ್ರೂಪಿನ ಕೊನೆಯ ಮೆಸೇಜು, "ಯಾರಾದ್ರೂ ಇದ್ದೀರಾ?"

ಅದನ್ನು ಸರಿ ಮಾಡಲು ಒಂದು ವರ್ಷ ಒದ್ದಾಡಿದೆವು. ಅಪಾರ್ಟ್‌ಮೆಂಟ್ ಗ್ರೂಪ್ ಇರಲಿ, ಚಾರಣದವರ ಗ್ರೂಪ್ ಇರಲಿ, ಹಳೇ ಕಾಲೇಜಿನ ಗ್ರೂಪ್ ಇರಲಿ, ಜನ ಜಾಸ್ತಿ ಆದ ಮೇಲೆ ಈ ಪ್ರಶ್ನೆ ಬಂದೇ ಬರುತ್ತದೆ. ಇನ್ನೊಮ್ಮೆ ಮಾಡುವುದಾದರೆ ನಾನು ಯಾವ ಕ್ರಮದಲ್ಲಿ ಮಾಡುತ್ತಿದ್ದೆನೋ ಅದನ್ನೇ ಕೆಳಗೆ ಬರೆದಿದ್ದೇನೆ.

1. ದೂರು ಏನು ಅಂತ ಬಿಡಿಸಿ ಕೇಳಿ

"ಮೆಸೇಜ್ ಜಾಸ್ತಿ ಆಯ್ತು" ಅಂತ ಎಲ್ಲರೂ ಹೇಳುತ್ತಾರೆ. ಆದರೆ ಅದರೊಳಗೆ ಬೇರೆ ಬೇರೆ ದೂರುಗಳಿರುತ್ತವೆ. ದೂರುವ ನಾಲ್ಕೈದು ಜನಕ್ಕೆ ಫೋನ್ ಮಾಡಿ, ಗ್ರೂಪಿನಲ್ಲಿ ಕೇಳಬೇಡಿ. "ಈ ವಾರ ನಿಮಗೆ ಸಿಟ್ಟು ಬಂದ ಒಂದು ಮೆಸೇಜ್ ಯಾವುದು, ತೋರಿಸಿ" ಅನ್ನಿ.

ನಾನು ಕೇಳಿದಾಗ ಒಬ್ಬರು ತೋರಿಸಿದ್ದು ಶುಭೋದಯದ ಚಿತ್ರ. ಇನ್ನೊಬ್ಬರು ತೋರಿಸಿದ್ದು, ರಾಸಾಯನಿಕ ಗೊಬ್ಬರ ಹಾಕಬೇಕೋ ಬೇಡವೋ ಅಂತ ಇಬ್ಬರು ಮಧ್ಯರಾತ್ರಿವರೆಗೆ ಕಚ್ಚಾಡಿದ್ದು. ಮೂರನೆಯವರು ಮಾತ್ರ, "ನಂಗೆ ತರಕಾರಿ ಸಾಕು, ಈ ಗುಲಾಬಿಯವರ ಕಾಟ ತಡೆಯೋಕಾಗ್ತಿಲ್ಲ" ಎಂದರು. ನೋಡಿ, ಮೊದಲಿನದ್ದಕ್ಕೆ ಬೇಕಿರುವುದು ನಿಯಮ. ಎರಡನೆಯದಕ್ಕೆ ಅಡ್ಮಿನ್ ಸ್ವಲ್ಪ ಗಟ್ಟಿ ದನಿಯಲ್ಲಿ ಮಾತಾಡಬೇಕು. ಗ್ರೂಪ್ ಒಡೆದರೆ ಗುಣವಾಗಬಹುದಾದದ್ದು ಮೂರನೆಯದೊಂದೇ. ಶುಭೋದಯದವರನ್ನು ಏಳು ಗ್ರೂಪಿಗೆ ಹಂಚಿದರೆ ಏಳು ಶುಭೋದಯ ಬರುತ್ತದೆ, ಇದು ನಾನು ಕಣ್ಣಾರೆ ಕಂಡದ್ದು.

2. ಚಾಟ್ ಹೊರಗೆ ತೆಗೆದು ಎಣಿಸಿ

ಇದು ಬೋರಿಂಗ್ ಕೆಲಸ. ಆದರೂ ಮಾಡಿ. ಗ್ರೂಪಿನ ಹೆಸರು ಒತ್ತಿ ಒಳಗೆ ಹೋದರೆ, ಇಲ್ಲವೇ ಮೂರು ಚುಕ್ಕಿಯ ಮೆನುವಿನಲ್ಲಿ, ಎಕ್ಸ್‌ಪೋರ್ಟ್ ಚಾಟ್ ಎಂದಿರುತ್ತದೆ. ಫೋಟೋ, ವಿಡಿಯೋ ಬೇಡ ಅಂತ ಆಯ್ಕೆ ಮಾಡಿ ನಿಮ್ಮ ಮೇಲ್‌ಗೇ ಕಳಿಸಿಕೊಳ್ಳಿ. ಬರೀ ಅಕ್ಷರಗಳ ಒಂದು ಫೈಲ್ ಬರುತ್ತದೆ. ಮಾತುಕತೆ ಹೊರಗೆ ಹೋಗದಂತೆ ತಡೆಯುವ ಅಡ್ವಾನ್ಸ್ಡ್ ಚಾಟ್ ಪ್ರೈವೆಸಿ ಎಂಬ ಸೆಟ್ಟಿಂಗ್ ಆನ್ ಮಾಡಿದ್ದರೆ ಇದು ಆಗುವುದಿಲ್ಲ. ಆಗ ಫೋನ್ ಹಿಡಿದು ಮೇಲಕ್ಕೆ ತಳ್ಳುತ್ತಾ ಎಣಿಸಬೇಕು. ಆ ಫೈಲಿನಲ್ಲಿ ಬರೆದವರ ಹೆಸರೋ ನಂಬರೋ ಇರುತ್ತದೆ, ಎಣಿಸಿ ಮುಗಿದ ಮೇಲೆ ಅಳಿಸಿಬಿಡಿ.

ಯಾವ ವಾರ ಎಣಿಸಬೇಕು? ಹಬ್ಬ ಇಲ್ಲದ, ಲಾಲ್‌ಬಾಗ್ ಪ್ರದರ್ಶನ ಇಲ್ಲದ, ಜಿಕೆವಿಕೆ ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಇಲ್ಲದ ಎರಡು ಸಪ್ಪೆ ವಾರ. ಗದ್ದಲದ ವಾರ ಎಣಿಸಿದರೆ ಎಲ್ಲ ಗ್ರೂಪೂ ಒಡೆಯಬೇಕು ಅನ್ನಿಸುತ್ತದೆ.

ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿಕೊಳ್ಳಿ. ಎಲ್ಲ ಮೆಸೇಜ್ ಎಣಿಸಬೇಕಿಲ್ಲ, ಪ್ರಶ್ನೆಗಳು ಸಾಕು. ಪ್ರಶ್ನೆ ಯಾವ ವಿಷಯದ್ದು, ಎಷ್ಟು ಹೊತ್ತಿಗೆ ಬಂತು, ಒಂದು ದಿನದೊಳಗೆ ಉತ್ತರ ಸಿಕ್ಕಿತಾ, ಉತ್ತರ ಹೇಳಿದ್ದು ಯಾರು. ಅಷ್ಟೇ.

ನಾವು ಇದನ್ನು ಮಾಡಿದ್ದು ಏಳು ಗ್ರೂಪ್ ಮಾಡಿ ಕೆಟ್ಟ ಮೇಲೆ, ಹಳೇ ಚಾಟ್ ತೆಗೆದು. ಬನಶಂಕರಿಯ ಇನ್ನೊಬ್ಬ ಅಡ್ಮಿನ್ ಮನೆಯ ತಾರಸಿಯಲ್ಲಿ, ಅವರೆಕಾಯಿ ಸುಲಿಯುತ್ತಾ ಕೂತು ಎಣಿಸಿದೆವು. ಒಬ್ಬರು ಓದುವುದು, ಒಬ್ಬರು ಗೆರೆ ಎಳೆಯುವುದು. ವಿಷಯದ ಕಾಲಂನಲ್ಲಿ ನಾವು ಅಂದುಕೊಂಡ ಹಾಗೆ ಏನೂ ಕಾಣಲಿಲ್ಲ. ತರಕಾರಿ ಪ್ರಶ್ನೆಗೂ ಉತ್ತರ ತಪ್ಪಿತ್ತು, ಹೂವಿನ ಪ್ರಶ್ನೆಗೂ ತಪ್ಪಿತ್ತು. ಆದರೆ ಹೊತ್ತಿನ ಕಾಲಂ ನೋಡಿದರೆ, ಬೆಳಗ್ಗೆ ಏಳರಿಂದ ಒಂಬತ್ತರೊಳಗೆ ಕೇಳಿದ ಪ್ರಶ್ನೆಗಳೇ ಜಾಸ್ತಿ ಮುಳುಗಿದ್ದು. ಅದೇ ಹೊತ್ತಿಗೆ ತಾನೇ ಎಲ್ಲರೂ ಕಾಫಿ ಲೋಟ ಹಿಡಿದು ತಾರಸಿಗೆ ಹೋಗಿ ಅರಳಿದ ಹೂವಿನ ಫೋಟೋ ತೆಗೆದು ಹಾಕೋದು! ಮಧ್ಯಾಹ್ನ ಮೂರಕ್ಕೆ ಕೇಳಿದ ಪ್ರಶ್ನೆಗೆ ಮೂರು ಮೂರು ಉತ್ತರ ಬಂದಿತ್ತು.

ನಮ್ಮ ಮುಖ ಆಗ ನೋಡಬೇಕಿತ್ತು. ಅಜ್ಜಿಯ ದಾಸವಾಳವನ್ನು ಕೊಂದದ್ದು ಗುಲಾಬಿಯವರಲ್ಲ, ಕಾಫಿ ಹೊತ್ತು.

3. ಪುಕ್ಕಟೆ ಮದ್ದು ಮೊದಲು

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಗ್ರೂಪ್ ಒಡೆಯುವುದು ಅಂಥದ್ದೇ. ವಾಟ್ಸಾಪಿನಲ್ಲಿ ಹೊಸ ಗ್ರೂಪ್ ಮಾಡಲು ಎರಡು ನಿಮಿಷ ಸಾಕು. ಎರಡು ಗ್ರೂಪನ್ನು ಸೇರಿಸಿ ಒಂದು ಮಾಡುವ ಬಟನ್ ಮಾತ್ರ ಇಲ್ಲ. ಹಳೆಯ ಮಾತುಕತೆಯೂ ಹೊಸ ಗ್ರೂಪಿಗೆ ಬರುವುದಿಲ್ಲ, ಅದು ಅಲ್ಲೇ ಉಳಿಯುತ್ತದೆ. ಹಾಗಾಗಿ ವಾಪಸ್ ತೆಗೆದುಕೊಳ್ಳಬಹುದಾದ ಉಪಾಯಗಳನ್ನು ಮೊದಲು ಒಂದು ತಿಂಗಳು ಮಾಡಿ ನೋಡಿ.

ಪ್ರಶ್ನೆ ಕೇಳುವವರು ಮೊದಲ ಪದವಾಗಿ "ಪ್ರಶ್ನೆ" ಎಂದು ಹಾಕಲಿ, ಪಕ್ಕದಲ್ಲಿ ಗಿಡದ ಹೆಸರು. "ಪ್ರಶ್ನೆ ದಾಸವಾಳ", "ಪ್ರಶ್ನೆ ಟೊಮೇಟೊ". ಆಮೇಲೆ ಸರ್ಚ್‌ನಲ್ಲಿ "ಪ್ರಶ್ನೆ" ಅಂತ ಹೊಡೆದರೆ ಎಲ್ಲ ಸಾಲಾಗಿ ಸಿಗುತ್ತವೆ. ಒಂದು ತೊಂದರೆ ಇದೆ. ನಮ್ಮಲ್ಲಿ ಕೆಲವರು ಕನ್ನಡದಲ್ಲಿ ಬರೆಯುತ್ತಾರೆ, ಕೆಲವರು ಕನ್ನಡವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಾರೆ, ಇನ್ನು ಕೆಲವರದು ಬರೀ ವಾಯ್ಸ್ ಮೆಸೇಜ್. ಸರ್ಚ್‌ಗೆ ಇವೆಲ್ಲ ಒಂದೇ ಅಂತ ಗೊತ್ತಾಗುವುದಿಲ್ಲ. ಅದಕ್ಕೆ ನಾವು ಕೊನೆಗೆ ಪದ ಬಿಟ್ಟು ಒಂದು ಚಿಹ್ನೆ ಇಟ್ಟುಕೊಂಡೆವು, ಕೆಂಪು ಪ್ರಶ್ನಾರ್ಥಕ. ವಾಯ್ಸ್ ಕಳಿಸುವವರು ಕೆಳಗೆ ಆ ಚಿಹ್ನೆ ಒತ್ತಿದರೆ ಆಯಿತು.

ಫೋಟೋಗೆ ಒಂದು ಹೊತ್ತು ಕೊಡಿ. ನಮ್ಮಲ್ಲಿ ಈಗ ಹೂವಿನ ಫೋಟೋ ಭಾನುವಾರ ಮಾತ್ರ. ಮೊದಲ ವಾರ ಮುನಿಸಿಕೊಂಡರು. ಎರಡನೇ ವಾರದಿಂದ ಭಾನುವಾರಕ್ಕೆ ಅಂತಲೇ ಒಳ್ಳೆಯದು ಆರಿಸಿಟ್ಟು ಹಾಕತೊಡಗಿದರು.

ಉತ್ತರ ಸಿಗದ ಪ್ರಶ್ನೆಗಳನ್ನು ಎತ್ತಿ ಹಿಡಿಯುವ ಒಬ್ಬರು ಬೇಕು. ರಾತ್ರಿ ಎಂಟಕ್ಕೆ ಒಂದೇ ಮೆಸೇಜ್: "ಇವತ್ತು ಉತ್ತರ ಸಿಗದ ಪ್ರಶ್ನೆ ಎರಡು, ಕೆಳಗಿವೆ, ಗೊತ್ತಿದ್ದವರು ಹೇಳಿ." ಐದು ನಿಮಿಷದ ಕೆಲಸ. ಇದನ್ನು ಮಾಡಲು ಯಾರೂ ಸಿಗದಿದ್ದರೆ ಐದು ಹೊಸ ಗ್ರೂಪ್ ನೋಡಿಕೊಳ್ಳಲು ಯಾರು ಸಿಗುತ್ತಾರೆ ಅಂತ ನಿಮ್ಮನ್ನು ನೀವೇ ಕೇಳಿಕೊಳ್ಳಿ.

ಪದೇ ಪದೇ ಬರುವ ಪ್ರಶ್ನೆಗಳಿಗೆ, ಹಿಟ್ಟು ತಿಗಣೆ, ಕರಿಬೇವು ಚಿಗುರದಿರುವುದು, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಎಷ್ಟು ಮಣ್ಣು ಎಷ್ಟು, ಇಂಥವಕ್ಕೆ ಒಂದು ಉತ್ತರ ಬರೆದು ಪಿನ್ ಮಾಡಿ. ಪಿನ್‌ಗೆ 30 ದಿನದ ಮಿತಿ ಇದೆ, ಮತ್ತೆ ಮಾಡಬೇಕು.

ಎಷ್ಟೋ ಗ್ರೂಪಿನವರ ಕಥೆ ಇಲ್ಲಿಗೇ ಮುಗಿಯುತ್ತದೆ. ಮುಂದೆ ಓದುವ ಅಗತ್ಯ ಇರುವುದಿಲ್ಲ.

4. ಉತ್ತರ ಹೇಳುವವರು ಎಷ್ಟು ಜನ?

ನನ್ನನ್ನು ಕೇಳಿದರೆ ಇಡೀ ವಿಷಯ ನಿಂತಿರುವುದು ಇದರ ಮೇಲೆ. ಗ್ರೂಪ್ ಒಡೆಯುವಾಗ ಎಲ್ಲರೂ ವಿಷಯಗಳ ಪಟ್ಟಿ ಮಾಡುತ್ತಾರೆ. ಪಟ್ಟಿ ಮಾಡಬೇಕಾದದ್ದು ಉತ್ತರ ಹೇಳುವವರನ್ನು.

ಜೇಕಬ್ ನೀಲ್ಸನ್ ಎಂಬ ವೆಬ್ ಬಳಕೆಯ ತಜ್ಞರು 2006ರಲ್ಲಿ 90-9-1 ಎಂಬ ಒಂದು ಅಂದಾಜು ಬರೆದರು. ಇಂಟರ್‌ನೆಟ್ಟಿನ ಯಾವುದೇ ಗುಂಪಿನಲ್ಲಿ ನೂರಕ್ಕೆ 90 ಜನ ಬರೀ ಓದುತ್ತಾರೆ, 9 ಜನ ಆಗಾಗ ಬರೆಯುತ್ತಾರೆ, ಮುಖ್ಯ ಭಾರ ಹೊರುವುದು ಒಬ್ಬರು ಅಂತ. ಇದು ಕಣ್ಣಳತೆಯ ಲೆಕ್ಕ. ಎಲ್ಲ ಕಡೆ ಹೀಗೇ ಇರುತ್ತದೆ ಅಂತಿಲ್ಲ, ವಾಟ್ಸಾಪಿನಲ್ಲಿ ಮಾತಾಡುವವರು ಇನ್ನೂ ಜಾಸ್ತಿ ಇರಬಹುದು. ಆದರೂ ಐನೂರು ಜನರ ಗ್ರೂಪಿನಲ್ಲಿ ನಿಜವಾಗಿ ಉತ್ತರ ಹೇಳುವವರು ಬೆರಳೆಣಿಕೆ ಎನ್ನುವುದು ನಿಮಗೂ ಗೊತ್ತು.

ನಮ್ಮ ನೋಟ್‌ಬುಕ್ಕಿನ ಕೊನೆಯ ಕಾಲಂನಲ್ಲಿ ಆರು ಜನರ ಹೆಸರೇ ಮತ್ತೆ ಮತ್ತೆ ಬಂದಿತ್ತು. ಅದರಲ್ಲಿ ಒಬ್ಬರು ರಿಟೈರಾದ ಮೇಷ್ಟ್ರು. ಗುಲಾಬಿ ಅವರ ಪ್ರಾಣ, ಆದರೆ ಟೊಮೇಟೊ ಪ್ರಶ್ನೆಗೂ ಉತ್ತರ ಹೇಳುತ್ತಿದ್ದರು, ಗೊಬ್ಬರದ ಡಬ್ಬದಲ್ಲಿ ಹುಳ ಬಿದ್ದದ್ದಕ್ಕೂ ಹೇಳುತ್ತಿದ್ದರು. ನಾವು ಏಳು ಗ್ರೂಪ್ ಮಾಡಿದಾಗ ಅವರನ್ನು ಏಳಕ್ಕೂ ಸೇರಿಸಿದೆವು. ಪಾಪ, ಎರಡು ವಾರ ಏಳು ಮನೆ ಓಡಾಡಿದರು. ಆಮೇಲೆ ಆರಕ್ಕೆ ಮ್ಯೂಟ್ ಹಾಕಿ ಹೂವಿನ ಗ್ರೂಪಿನಲ್ಲಿ ಕೂತರು. ತರಕಾರಿಯವರು ಕಳೆದುಕೊಂಡದ್ದು ಗುಲಾಬಿಯ ಫೋಟೋಗಳನ್ನಲ್ಲ, ಮೇಷ್ಟ್ರನ್ನು.

ಆದ್ದರಿಂದ ಪ್ರತಿ ಹೊಸ ಗ್ರೂಪಿನ ಹೆಸರಿನ ಮುಂದೆ ಉತ್ತರ ಹೇಳುವ ಮೂರು ಜನರ ಹೆಸರು ಬರೆಯಿರಿ. ಒಬ್ಬರ ಹೆಸರು ಎರಡು ಕಡೆ ಬರುವ ಹಾಗಿಲ್ಲ. ಯಾಕೆ ಮೂರು? ಒಬ್ಬರು ಊರಿಗೆ ಹೋಗಿರುತ್ತಾರೆ, ಒಬ್ಬರು ಆಫೀಸಿನಲ್ಲಿರುತ್ತಾರೆ, ಒಬ್ಬರಾದರೂ ಫೋನ್ ನೋಡುತ್ತಾರೆ. ಮೂರು ಹೆಸರು ಹುಟ್ಟದಿದ್ದರೆ ಆ ಗ್ರೂಪ್ ಹುಟ್ಟಬಾರದು.

5. ಏನನ್ನು ಬೇರೆ ಮಾಡಬಹುದು, ಏನನ್ನು ಮುಟ್ಟಬಾರದು

ಕೊಡು–ಕೊಳ್ಳುವ ವ್ಯವಹಾರವನ್ನು ಧೈರ್ಯವಾಗಿ ಬೇರೆ ಮಾಡಿ. "ಬ್ರಾಹ್ಮಿ ಕಡ್ಡಿ ಇದೆ, ಯಾರಿಗೆ ಬೇಕು" ಎನ್ನುವುದಕ್ಕೆ ಇಪ್ಪತ್ತು ಜನ "ನಂಗೆ", "ನಂಗೂ" ಅಂತಾರೆ, ಸಂಜೆಗೆ ಆ ಮಾತುಗಳಿಗೆ ಬೆಲೆ ಇಲ್ಲ. ಅಂಥದ್ದು ಪ್ರಶ್ನೋತ್ತರದ ನಡುವೆ ಬಂದರೆ ಪ್ರಶ್ನೆ ಸಾಯುತ್ತದೆ. ಅಪಾರ್ಟ್‌ಮೆಂಟ್‌ನವರಿಗೂ ಇದೇ ಹೇಳುತ್ತೇನೆ. ಹಳೇ ಸೋಫಾ ಮಾರಾಟ ಒಂದು ಕಡೆ, ನೀರಿನ ಟ್ಯಾಂಕರ್ ಬಂತಾ ಎನ್ನುವುದು ಇನ್ನೊಂದು ಕಡೆ ಇರಲಿ.

ಏರಿಯಾ ಪ್ರಕಾರ ಒಡೆಯುವುದು ಬೆಂಗಳೂರಿನಲ್ಲಿ ವಿಷಯದ ಪ್ರಕಾರ ಒಡೆಯುವುದಕ್ಕಿಂತ ಎಷ್ಟೋ ವಾಸಿ. ಒಂದು ಬಸಳೆ ಕಡ್ಡಿಗೋಸ್ಕರ ಯಲಹಂಕದಿಂದ ಜೆಪಿ ನಗರಕ್ಕೆ ಯಾರು ಬರುತ್ತಾರೆ? ಆದರೆ ಬನಶಂಕರಿಯವರು ಜಯನಗರದವರಿಗೆ ಕೊಡಬಹುದು, ಮೆಟ್ರೋದಲ್ಲಿ ಎರಡೇ ಸ್ಟೇಷನ್ ದೂರ. ನಮ್ಮವರು ಈಗ ಹಸಿರು ಮಾರ್ಗದ ಸ್ಟೇಷನ್ ಗೇಟಿನ ಹತ್ತಿರ ಹಾಲಿನ ಕವರಿನಲ್ಲಿ ಸಸಿ ಕೈ ಬದಲಾಯಿಸುತ್ತಾರೆ. ದೂರದಿಂದ ನೋಡಿದವರು ಏನಂದುಕೊಳ್ಳುತ್ತಾರೋ! ಜೊತೆಗೆ ಒಂದೇ ಕಡೆಯವರಾದರೆ ಮಳೆ, ಬೋರ್‌ವೆಲ್ ನೀರಿನ ಗಡಸುತನ, ಎರೆಹುಳು ಗೊಬ್ಬರ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಎನ್ನುವುದೆಲ್ಲ ಎಲ್ಲರಿಗೂ ಬೇಕಾದ ಮಾತೇ ಆಗುತ್ತದೆ.

ಜಗಳದ ವಿಷಯಕ್ಕೆ ಬೇರೆ ಗ್ರೂಪ್ ಮಾಡಬೇಡಿ. ರಾಸಾಯನಿಕ ಬೇಕು ಅನ್ನುವವರಿಗೆ ಒಂದು, ಬೇಡ ಅನ್ನುವವರಿಗೆ ಒಂದು ಅಂತ ಮಾಡಿದರೆ ಎರಡೂ ಕಡೆ ಇನ್ನೊಬ್ಬರನ್ನು ಬೈಯುವುದೇ ಕೆಲಸವಾಗುತ್ತದೆ, ತೋಟದ ಮಾತು ನಿಲ್ಲುತ್ತದೆ.

ಹೊಸಬರನ್ನು ಬೇರೆ ಮಾಡುವುದು ಮಾತ್ರ ಮಹಾ ತಪ್ಪು. ನಾವು ಮಾಡಿದ ತಪ್ಪುಗಳಲ್ಲಿ ಇದೇ ದೊಡ್ಡದು. "ಇವರು ಒಂದೇ ಪ್ರಶ್ನೆ ಕೇಳಿ ತಲೆ ತಿಂತಾರೆ" ಅಂತ ಹಳಬರಿಗೆ ಬೇಸರ, ಸರಿ, ಒಪ್ಪಿದೆ. ಆದರೆ ಹೊಸಬರ ಗ್ರೂಪಿನಲ್ಲಿ ಹೊಸಬರೇ ಹೊಸಬರಿಗೆ ಉತ್ತರ ಹೇಳತೊಡಗಿದರು. ಒಬ್ಬರು ಹಸಿ ಸಗಣಿಯನ್ನು ಹಾಗೇ ಕುಂಡಕ್ಕೆ ಹಾಕಿ ಅಂದರು, ನಾಲ್ಕು ಜನ ಹಾಕಿದರು, ಸಸಿಗಳು ಸುಟ್ಟು ಹೋದವು. ಹಸಿ ಸಗಣಿ ಕೊಳೆಯುವಾಗ ಬೇರಿಗೆ ಕಾವು, ಅಮೋನಿಯಾ ಎರಡೂ ತಾಕುತ್ತದೆ, ಚೆನ್ನಾಗಿ ಕಳಿತದ್ದನ್ನೇ ಹಾಕಬೇಕು ಅಂತ ಹೇಳುವವರು ಅಲ್ಲಿ ಒಬ್ಬರೂ ಇರಲಿಲ್ಲ. ಇತ್ತ ಹಳಬರ ಕಡೆ ಏನಾಯಿತು? ಕೇಳುವವರೇ ಇಲ್ಲದೆ ಅವರಿಗೂ ಹೇಳುವ ಹುಮ್ಮಸ್ಸು ಹೋಯಿತು.

ಭಾಷೆಯ ವಿಷಯ ಒಂದು ಮಾತು. ಈ ಊರಿನಲ್ಲಿ ಯಾರಾದರೊಬ್ಬರು ಇಂಗ್ಲಿಷ್‌ಗೆ ಬೇರೆ ಗ್ರೂಪ್ ಮಾಡಿ ಅನ್ನುತ್ತಾರೆ. ನಾವು ಮಾಡಲಿಲ್ಲ. ಕೇಳುವವರು ಯಾವ ಭಾಷೆಯಲ್ಲಾದರೂ ಕೇಳಲಿ, ಗೊತ್ತಿದ್ದವರು ಕನ್ನಡದಲ್ಲಿ ಹೇಳುತ್ತಾರೆ, ಪಕ್ಕದವರು ಎರಡು ಸಾಲು ಬಿಡಿಸಿ ಹೇಳುತ್ತಾರೆ. ಮಾರತ್ತಹಳ್ಳಿಯ ಒಬ್ಬ ಹುಡುಗ "ಹಿಟ್ಟು ತಿಗಣೆ" ಅನ್ನುವುದನ್ನು ಹೀಗೇ ಕಲಿತ, ಈಗ ಬೇರೆಯವರಿಗೆ ಅವನೇ ಹೇಳುತ್ತಾನೆ.

6. ಬೇಕಾ ಅಂತ ಕೇಳಬೇಡಿ, ಬರ್ತೀರಾ ಅಂತ ಕೇಳಿ

"ಬೇರೆ ಗ್ರೂಪ್ ಬೇಕಾ?" ಅಂತ ಪೋಲ್ ಹಾಕಿದರೆ ಎಲ್ಲರೂ ಬೇಕು ಅಂತಾರೆ. ಪುಕ್ಕಟೆ ಸಿಗುವುದನ್ನು ಯಾರು ಬೇಡ ಅಂತಾರೆ?

ಈ ಪಾಠ ಹಳೆಯದು. ವಾಟ್ಸಾಪ್, ಫೇಸ್‌ಬುಕ್ ಎಲ್ಲ ಬರುವುದಕ್ಕೂ ಎಷ್ಟೋ ಮುಂಚೆ, 1980ರಲ್ಲಿ ಶುರುವಾದ ಯೂಸ್‌ನೆಟ್ ಅಂತ ಒಂದು ಚರ್ಚಾ ಗುಂಪುಗಳ ಜಾಲ ಇತ್ತು. ಅಲ್ಲಿ ಭಾರತೀಯರಿಗೆ ಸೋಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಎಂಬ ಗುಂಪಿತ್ತು. ಅದರಿಂದ ಕವಲೊಡೆದು ಸೋಕ್ ಡಾಟ್ ಕಲ್ಚರ್ ಡಾಟ್ ಇಂಡಿಯನ್ ಡಾಟ್ ಕರ್ನಾಟಕ ಕೂಡ ಹುಟ್ಟಿತು. ಯೂಸ್‌ನೆಟ್ಟಿನ ಮುಖ್ಯ ಕವಲುಗಳಲ್ಲಿ ಹೊಸ ಗುಂಪು ಸುಮ್ನೆ ಹುಟ್ಟುತ್ತಿರಲಿಲ್ಲ. ಮೊದಲು ಚರ್ಚೆ, ಆಮೇಲೆ ಮತ. "ಬೇಕು" ಮತಗಳು "ಬೇಡ" ಮತಗಳಿಗಿಂತ ಕನಿಷ್ಠ 100 ಜಾಸ್ತಿ ಇರಬೇಕು, ಒಟ್ಟು ಮತಗಳಲ್ಲಿ ಮೂರರಲ್ಲಿ ಎರಡು ಪಾಲು "ಬೇಕು" ಆಗಿರಬೇಕು. ಆಲ್ಟ್ ಎಂಬ ಇನ್ನೊಂದು ಕವಲಿನಲ್ಲಿ ಇಂಥ ಮತದ ಕಟ್ಟಳೆ ಇರಲಿಲ್ಲ. ಅಲ್ಲಿ ತಮಾಷೆಗೆ ಹುಟ್ಟಿ ಖಾಲಿ ಬಿದ್ದ ಗುಂಪುಗಳು ರಾಶಿ ರಾಶಿ. ರೆಡಿಟ್ ಎಂಬ ಚರ್ಚೆಯ ತಾಣ ಕೂಡ 2005ರಲ್ಲಿ ಒಂದೇ ಜಗಲಿಯಾಗಿ ಶುರುವಾಯಿತು. ಬಳಕೆದಾರರೇ ತಮ್ಮ ತಮ್ಮ ವಿಭಾಗ ಮಾಡಿಕೊಳ್ಳಲು ಬಿಟ್ಟದ್ದು 2008ರಲ್ಲಿ, ಜನ ಸೇರಿದ ಮೇಲೆ.

ನಮ್ಮ ಐನೂರು ಜನಕ್ಕೆ 100 ಮತದ ನಿಯಮ ಜಾಸ್ತಿಯಾಯಿತು, ಬಿಡಿ. ನಾವು ಈಗ ಪೋಲ್ ಹಾಕುವುದು ಹೀಗೆ: "ಸಸಿ ವಿನಿಮಯದ ಗ್ರೂಪಿನಲ್ಲಿ ನಾನು ತಿಂಗಳಿಗೆ ಒಂದಾದರೂ ಸಸಿ ಕೊಡುತ್ತೇನೆ", "ನಾನು ತೆಗೆದುಕೊಳ್ಳಲು ಮಾತ್ರ ಬರುತ್ತೇನೆ", "ನನಗೆ ಬೇಡ". ವಾಟ್ಸಾಪ್ ಪೋಲ್‌ನಲ್ಲಿ ಯಾರು ಯಾವುದಕ್ಕೆ ಒತ್ತಿದರು ಅಂತ ಎಲ್ಲರಿಗೂ ಕಾಣುತ್ತದೆ. ಆದ್ದರಿಂದ ಕೊಡುತ್ತೇನೆ ಅಂತ ಒತ್ತುವ ಮುಂಚೆ ಜನ ಎರಡು ಸಲ ಯೋಚಿಸುತ್ತಾರೆ. ಮೊದಲ ಸಾಲಿಗೆ ಇಪ್ಪತ್ತು ಜನ ಬರದಿದ್ದರೆ ಬಿಟ್ಟುಬಿಡಿ, ಆರು ತಿಂಗಳು ಕಳೆದು ಮತ್ತೆ ಕೇಳಿದರಾಯಿತು.

7. ಒಡೆಯುವುದೇ ಸೈ ಅಂತಾದರೆ

ಒಂದು ಸಲಕ್ಕೆ ಒಂದೇ ಗ್ರೂಪ್ ಮಾಡಿ. ಅದು ಕಾಲೂರಿ ನಿಂತ ಮೇಲೆ ಮುಂದಿನದು.

ಎಲ್ಲಿ ಮಾಡಬೇಕು ಅನ್ನುವುದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ, ನಿಮ್ಮ ಜನ ಈಗಾಗಲೇ ಎಲ್ಲಿದ್ದಾರೋ ಅಲ್ಲೇ. ವಾಟ್ಸಾಪ್ ಗ್ರೂಪಿಗೆ ಒಂದು ಕಾಲಕ್ಕೆ 256 ಜನರ ಮಿತಿ ಇತ್ತು, ಆಗ ಜನ ತುಂಬಿದರೆಂದೇ ಒಡೆಯಬೇಕಾಗುತ್ತಿತ್ತು. 2022ರಲ್ಲಿ ಅದು ಮೊದಲು 512, ಆಮೇಲೆ 1024 ಆಯಿತು. ಹಾಗಾಗಿ ಈಗ ಆ ನೆಪ ಬಹಳ ಗ್ರೂಪಿಗೆ ಇಲ್ಲ. ಅದೇ ವರ್ಷ ಬಂದ ಕಮ್ಯೂನಿಟಿ ಎನ್ನುವ ಸೌಲಭ್ಯದಲ್ಲಿ ಹಲವು ಗ್ರೂಪುಗಳನ್ನು ಒಂದೇ ಸೂರಿನ ಕೆಳಗೆ ಇಡಬಹುದು. ಈಗಿರುವ ಗ್ರೂಪನ್ನೇ ಅದಕ್ಕೆ ಸೇರಿಸಬಹುದು. ಎಲ್ಲರಿಗೂ ತಲುಪಬೇಕಾದ ಸುದ್ದಿಗೆ, ಅಡ್ಮಿನ್ ಮಾತ್ರ ಬರೆಯುವ ಒಂದು ಪ್ರಕಟಣೆಯ ಗ್ರೂಪ್ ಅದರ ಜೊತೆಗೇ ಬರುತ್ತದೆ. ಟೆಲಿಗ್ರಾಂನಲ್ಲಿದ್ದರೆ ಇನ್ನೂ ಸುಲಭ. ಅಲ್ಲಿ ಟಾಪಿಕ್ಸ್ ಆನ್ ಮಾಡಿದರೆ ಗ್ರೂಪ್ ಒಂದೇ ಇರುತ್ತದೆ, ಒಳಗೆ ಬೇರೆ ಬೇರೆ ಕೋಣೆಗಳಾಗುತ್ತವೆ, ಬೇಡದ್ದನ್ನು ಅವರವರು ಮ್ಯೂಟ್ ಮಾಡಿಕೊಳ್ಳಬಹುದು. ನಮ್ಮ ಅಜ್ಜಿಯಂಥವರಿಗೆ ಹೊಸ ಆ್ಯಪ್ ಹಾಕಿಸಿ ಎಲ್ಲ ಕಲಿಸುವ ತಾಳ್ಮೆ ನಿಮಗಿದ್ದರೆ ಹೋಗಿ. ನನಗಿರಲಿಲ್ಲ.

ಹೆಸರು ನೇರವಾಗಿರಲಿ. ನಾವು ವಿನಿಮಯದ ಗ್ರೂಪಿಗೆ ಮೊದಲು "ಚಿಗುರು" ಅಂತ ಇಟ್ಟಿದ್ದೆವು, ಕೇಳಲು ಚೆಂದ. ಜನ ಅಲ್ಲಿ ಕವನ ಹಾಕತೊಡಗಿದರು. ಈಗ ಅದರ ಹೆಸರು "ಸಸಿ ಬೀಜ ಕೊಡು–ಕೊಳ್ಳು, ದಕ್ಷಿಣ ಬೆಂಗಳೂರು". ಕವನ ನಿಂತಿದೆ.

ಯಾರನ್ನೂ ಎಳೆದು ಸೇರಿಸಬೇಡಿ, ಲಿಂಕ್ ಹಾಕಿ. ಬೇರೆಯವರು ತಮ್ಮನ್ನು ಗ್ರೂಪಿಗೆ ಸೇರಿಸದಂತೆ ಎಷ್ಟೋ ಜನ ಸೆಟ್ಟಿಂಗ್ ಮಾಡಿಕೊಂಡಿರುತ್ತಾರೆ. ಅದೂ ಅಲ್ಲದೆ, ತಾವಾಗಿ ಒತ್ತಿ ಬಂದವರು ಮಾತಾಡುತ್ತಾರೆ, ಎಳೆದು ತಂದವರು ಮ್ಯೂಟ್ ಹಾಕುತ್ತಾರೆ.

ಬಾಗಿಲು ತೆಗೆಯುವ ಮುಂಚೆ ಒಳಗೆ ದೀಪ ಇರಲಿ. ಉತ್ತರ ಹೇಳುವ ಆ ಮೂರು ಜನ ಮೊದಲೇ ಸೇರಿ ಎಂಟು ಹತ್ತು ಮೆಸೇಜ್ ಹಾಕಿರಲಿ. ನಮ್ಮಲ್ಲಿ "ಸುವರ್ಣಗೆಡ್ಡೆ ಮೂರು ಇದೆ", "ಅರ್ಕಾ ರಕ್ಷಕ್ ಟೊಮೇಟೊ ಸಸಿ ಇದೆ" ಅಂತ ಫೋಟೋ ಸಮೇತ ಹಾಕಿಟ್ಟಿದ್ದರು. ಬಂದವರಿಗೆ ಇಲ್ಲಿ ಏನು ಮಾಡಬೇಕು ಅಂತ ಬೇರೆ ಹೇಳಬೇಕಾಗಲಿಲ್ಲ.

ಹಳೇ ಗ್ರೂಪಿನಲ್ಲಿ ಜನ ಅಭ್ಯಾಸದಿಂದ ಸಸಿ ಬೇಕು ಅಂತ ಕೇಳುತ್ತಲೇ ಇರುತ್ತಾರೆ. ಅವರಿಗೆ "ಇಲ್ಲಿ ಹಾಕಬೇಡಿ" ಅಂತ ಬರೆದರೆ ಮುಖಕ್ಕೆ ಹೊಡೆದ ಹಾಗಾಗುತ್ತದೆ. ಮೊದಲು ಉತ್ತರ ಕೊಡಿ, ಆಮೇಲೆ ದಾರಿ ತೋರಿಸಿ. ನಾನು ಕಳಿಸುವುದು ಇದು, ಬೇಕಾದರೆ ನೀವೂ ಇಟ್ಟುಕೊಳ್ಳಿ: "ಮೇಡಂ, ಬ್ರಾಹ್ಮಿ ಕತ್ರಿಗುಪ್ಪೆಯವರ ಹತ್ರ ಇದೆ, ಅವರಿಗೆ ಹೇಳಿದ್ದೀನಿ. ಮುಂದಿನ ಸಲ ಕೊಡು–ಕೊಳ್ಳು ಗ್ರೂಪಿನಲ್ಲಿ ಹಾಕಿ, ಅಲ್ಲಿ ಬೇಗ ಸಿಗುತ್ತೆ. ಲಿಂಕ್ ಕೆಳಗಿದೆ."

8. ಮೂರು ತಿಂಗಳ ಮೇಲೆ ಮತ್ತೆ ಎಣಿಸಿ

ಅದೇ ನೋಟ್‌ಬುಕ್, ಅದೇ ಕಾಲಂ. ಹೊಸ ಗ್ರೂಪಿನಲ್ಲಿ ಪ್ರಶ್ನೆಗೆ ಒಂದು ದಿನದೊಳಗೆ ಉತ್ತರ ಸಿಗುತ್ತಿದೆಯಾ? ಆ ಮೂವರು ಬಿಟ್ಟು ನಾಲ್ಕನೆಯವರು ಯಾರಾದರೂ ಉತ್ತರ ಹೇಳಿದ್ದಾರಾ? ಹಳೇ ಗ್ರೂಪಿನಲ್ಲಿ ಮುಳುಗುವ ಪ್ರಶ್ನೆ ಕಡಿಮೆಯಾಯಿತಾ? ಮೂರಕ್ಕೂ ಇಲ್ಲ ಅಂತಾದರೆ ಮುಚ್ಚಿ.

ಮುಚ್ಚುವುದಕ್ಕೂ ಒಂದು ರೀತಿ ಇದೆ. ಸುಮ್ನೆ ಎಲ್ಲರನ್ನೂ ತೆಗೆದು ಹಾಕಬೇಡಿ. ವಾರದ ಮುಂಚೆ ತಿಳಿಸಿ. ಒಳ್ಳೆಯ ಉತ್ತರಗಳನ್ನು ಯಾರಾದರೂ ಕೂತು ಒಂದು ಪುಟಕ್ಕೆ ಇಳಿಸಿ ಹಳೇ ಗ್ರೂಪಿಗೆ ಹಾಕಲಿ, ಯಾಕೆಂದರೆ ಬೇರೆ ಯಾವ ದಾರಿಯಲ್ಲೂ ಅವು ಅಲ್ಲಿಗೆ ಬರುವುದಿಲ್ಲ. ಆಮೇಲೆ ಅಡ್ಮಿನ್ ಮಾತ್ರ ಬರೆಯುವ ಹಾಗೆ ಸೆಟ್ಟಿಂಗ್ ಬದಲಾಯಿಸಿ ಹಾಗೇ ಬಿಡಿ. ಹಳೆಯದನ್ನು ಓದಬೇಕು ಅನ್ನುವವರಿಗೆ ಇರುತ್ತದೆ.

ನಮ್ಮ ಏಳರಲ್ಲಿ ಈಗ ಉಳಿದಿರುವುದು ವಿನಿಮಯದ ಗ್ರೂಪ್ ಮಾತ್ರ, ಅದೂ ದಕ್ಷಿಣಕ್ಕೊಂದು, ಉತ್ತರಕ್ಕೊಂದು. ಮಿಕ್ಕದ್ದೆಲ್ಲ ದೊಡ್ಡ ಗ್ರೂಪಿಗೇ ವಾಪಸ್. ಹೂವಿನ ಗ್ರೂಪ್ ಮುಚ್ಚುವ ದಿನ ಮೇಷ್ಟ್ರು ಸ್ವಲ್ಪ ಬೇಜಾರು ಮಾಡಿಕೊಂಡರು. ಮಾರನೇ ಮಧ್ಯಾಹ್ನ ಮೂರು ಗಂಟೆಗೆ ದೊಡ್ಡ ಗ್ರೂಪಿನಲ್ಲಿ ಕೆಂಪು ಪ್ರಶ್ನಾರ್ಥಕ ಹಾಕಿ ತಮ್ಮ ಗುಲಾಬಿ ಎಲೆಯ ಮೇಲಿನ ಕಪ್ಪು ಚುಕ್ಕೆಯ ಫೋಟೋ ಕಳಿಸಿದರು. ಅವರು ಪ್ರಶ್ನೆ ಕೇಳಿದ್ದು ಅದೇ ಮೊದಲು. ಮೊದಲ ಉತ್ತರ ಬಂದದ್ದು ಗಿರಿನಗರದ ಅಜ್ಜಿಯಿಂದ, ವಾಯ್ಸ್ ಮೆಸೇಜ್: "ಮೇಷ್ಟ್ರೇ, ಆ ಎಲೆಯೆಲ್ಲ ಕಿತ್ತು ಹಾಕಿ, ಸಂಜೆ ಹೊತ್ತು ಎಲೆ ಮೇಲೆ ನೀರು ಬೀಳದ ಹಾಗೆ ಬುಡಕ್ಕೆ ಮಾತ್ರ ಹಾಕಿ. ಗಿಡ ಮಾತ್ರ ಕಡೀಬೇಡಿ."